ಡ್ರ್ಯಾಗನ್ ಸಿಗುತ್ತೆ, ಭಾನುವಾರ ಸಿಗಲ್ಲ

ಮದುವೆ, ಮಕ್ಕಳು, ಮನೆ ಸಾಲ ಅಂತ ಬಿಟ್ಟುಹೋದ ಹವ್ಯಾಸಗಳಲ್ಲಿ ಕೆಲವು ಸುಲಭವಾಗಿ ವಾಪಸ್ ಬರುತ್ತವೆ. ಗಿಟಾರ್ ಆದರೆ ಅಟ್ಟದಿಂದ ಇಳಿಸಿ ಧೂಳು ಕೊಡವಿದರಾಯಿತು. ಓಡುವುದಕ್ಕೆ ಒಂದು ಜೊತೆ ಶೂ ಸಾಕು. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಥರದ ಆಟಕ್ಕೆ ಮಾತ್ರ ಒಂದೇ ದಿನ, ಒಂದೇ ಹೊತ್ತಿಗೆ ಬಿಡುವಿರುವ ನಾಲ್ಕೈದು ಜನ ಬೇಕು. ನಲವತ್ತು ದಾಟಿದವರಲ್ಲಿ ಅಂಥವರನ್ನು ಒಟ್ಟು ಹಾಕುವುದಕ್ಕಿಂತ ಡ್ರ್ಯಾಗನ್ ಹಿಡಿದು ತರುವುದು ಸುಲಭ.

ಆಟ ನೋಡಿಲ್ಲದವರಿಗೆ ಒಂದೆರಡು ಮಾತು. ಒಬ್ಬರು ಕಥೆ ನಡೆಸುತ್ತಾರೆ. ಅವರನ್ನು ಡಿಎಂ, ಅಂದರೆ ಡಂಜನ್ ಮಾಸ್ಟರ್ ಅಂತೀವಿ. "ಮುಂದೆ ಕಲ್ಲಿನ ಬಾಗಿಲು. ಒಳಗೆ ಯಾರೋ ಕೆಮ್ಮಿದ ಸದ್ದು. ಏನು ಮಾಡ್ತೀರಾ?" ಅಂತ ಅವರು ಕೇಳುತ್ತಾರೆ. ಉಳಿದವರು ತಲಾ ಒಂದು ಪಾತ್ರ ಹಿಡಿದು ಕೂತಿರುತ್ತಾರೆ. ಒಬ್ಬ ಬಾಗಿಲು ಒದೆಯುತ್ತಾನೆ. ಇನ್ನೊಬ್ಬಳು ಕೆಮ್ಮಿದವರಿಗೆ ಬಿಸಿನೀರು ಬೇಕಾ ಅಂತ ವಿಚಾರಿಸುತ್ತಾಳೆ. ಏನು ಬೇಕಾದರೂ ಮಾಡಬಹುದು. ಆಗುತ್ತೋ ಇಲ್ಲವೋ ಅಂತ ಅನುಮಾನ ಬಂದಾಗ ಇಪ್ಪತ್ತು ಮುಖದ ದಾಳ ಉರುಳಿಸಬೇಕು. ದೊಡ್ಡ ಅಂಕಿ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಆರು ಮುಖದ ಎರಡು ದಾಳ ಹಾಕಿದರೆ ಏಳು ಜಾಸ್ತಿ ಬೀಳುತ್ತೆ, ಹನ್ನೆರಡು ಅಪರೂಪ. ಇಲ್ಲಿ ಆ ಪಕ್ಷಪಾತವಿಲ್ಲ. ಒಂದಕ್ಕೂ ಇಪ್ಪತ್ತಕ್ಕೂ ನೂರಕ್ಕೆ ಐದೇ ಅವಕಾಶ. ಮಹಾವೀರನೂ ಹೊಸಿಲು ಎಡವಿ ಬೀಳಬಹುದು. ಬೀಳುತ್ತಾನೆ ಕೂಡ.

1974ರಲ್ಲಿ ಗ್ಯಾರಿ ಗೈಗ್ಯಾಕ್ಸ್, ಡೇವ್ ಆರ್ನೆಸನ್ ಸೇರಿ ಇದನ್ನು ಹೊರತಂದರು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಅನ್ನೋ ಸಣ್ಣ ಊರಿಂದ. ಇಬ್ಬರೂ ಮೇಜಿನ ಮೇಲೆ ಪುಟಾಣಿ ಸೈನಿಕರನ್ನಿಟ್ಟು ಯುದ್ಧ ಆಡುತ್ತಿದ್ದ ಪೈಕಿ. ಇಡೀ ಸೈನ್ಯ ನಡೆಸುವ ಬದಲು ಒಬ್ಬೊಬ್ಬರು ಒಬ್ಬನೇ ಮನುಷ್ಯನಾಗಿ ಆಡಿದ್ದರಿಂದ ಈ ಆಟ ಹುಟ್ಟಿತು. ಮೊದಲು ಅಚ್ಚಾಗಿದ್ದು ಸಾವಿರ ಪ್ರತಿ, ಪೆಟ್ಟಿಗೆಗಳನ್ನು ಕೈಯಲ್ಲೇ ಜೋಡಿಸಿದ್ದರು. ನನಗೆ ಇಷ್ಟವಾಗುವ ಸಂಗತಿ ಅದರ ಮುಂದಿನದು. 1979ರ ಹೊತ್ತಿಗೆ ಆಟ ಎಷ್ಟು ಹಬ್ಬಿತೆಂದರೆ ದಾಳಗಳೇ ಸಾಲದೆ ಬಂದವು. ಕಂಪನಿಯವರು ಪೆಟ್ಟಿಗೆಯಲ್ಲಿ ನಂಬರ್ ಹಾಕಿದ ಕಾಗದದ ಚೀಟಿ ಇಟ್ಟು ಕಳಿಸಿದರು. ಕತ್ತರಿಸಿ, ಲೋಟಕ್ಕೆ ಹಾಕಿ, ಎತ್ತಿಕೊಳ್ಳಿ ಅಂತ.

ಹಾಸ್ಟೆಲಿನಲ್ಲಿ ನಾವು ಆಡಿದ್ದೂ ಹೀಗೇ. ಸೀನಿಯರ್ ಒಬ್ಬರ ಅಣ್ಣ ಅಮೆರಿಕದಿಂದ ಪುಸ್ತಕ ತಂದಿದ್ದರು. ದಾಳ ತಂದಿರಲಿಲ್ಲ. ಇಪ್ಪತ್ತು ಮುಖದ ದಾಳ ಅಂತ ಅಂಗಡಿಯಲ್ಲಿ ಕೇಳಿದರೆ ಬಯ್ಯುವ ಕಾಲ ಅದು. ಮೆಸ್ಸಿನ ಸ್ಟೀಲ್ ಲೋಟದಲ್ಲಿ ಚೀಟಿ ಕುಲುಕಿ ಎತ್ತುತ್ತಿದ್ದೆವು. ಇಪ್ಪತ್ತರ ಚೀಟಿಗೆ ಸಾಂಬಾರಿನ ಕಲೆ ಅಂಟಿಕೊಂಡಿತ್ತು. ಅದನ್ನು ನೋಡದೆ ಬೆರಳಲ್ಲೇ ಗುರುತು ಹಿಡಿಯುವ ಮಹಾನುಭಾವ ಒಬ್ಬನಿದ್ದ. ಈಗ ಅವನು ಆಡಿಟರ್.

ಕರಾವಳಿಯ ಗೆಳೆಯನೊಬ್ಬ ಮೊದಲ ಸಲ ನೋಡಿದವನೇ, "ಇದು ತಾಳಮದ್ದಳೆಯಲ್ವಾ ಮಾರಾಯಾ?" ಅಂದ. ಹೌದಲ್ಲ! ವೇಷವಿಲ್ಲ, ಕುಣಿತವಿಲ್ಲ. ಕೂತಲ್ಲೇ ಒಬ್ಬ ಕೃಷ್ಣ, ಎದುರು ಕೂತವನು ಕೌರವ. ಆಡುವ ಅರ್ಥ ಯಾರೂ ಬರೆದುಕೊಟ್ಟಿದ್ದಲ್ಲ. ಒಂದೇ ವ್ಯತ್ಯಾಸ. ಅಲ್ಲಿ ಕೌರವ ಎಷ್ಟೇ ಚೆನ್ನಾಗಿ ವಾದಿಸಿದರೂ ಸಂಧಾನ ಮುರಿಯಲೇಬೇಕು, ಪ್ರಸಂಗ ಇರುವುದೇ ಹಾಗೆ. ನಮ್ಮ ಮೇಜಿನ ಮೇಲೆ ಇಪ್ಪತ್ತು ಬಿದ್ದರೆ ಐದು ಗ್ರಾಮವೇನು, ಹಸ್ತಿನಾಪುರವನ್ನೇ ಬರೆಸಿಕೊಂಡು ಬರಬಹುದು.

ಇಷ್ಟು ಚೆಂದದ ಆಟಕ್ಕೆ ವಾಪಸ್ ಹೋಗೋದು ಹೇಗೆ? ಎಲ್ಲರೂ ಮೊದಲು ಪುಸ್ತಕ ಕೊಳ್ಳುತ್ತಾರೆ. 2014ರಲ್ಲಿ ಐದನೇ ಆವೃತ್ತಿ ಬಂತು, 2024ರಲ್ಲಿ ಅದನ್ನೇ ತಿದ್ದಿ ಮತ್ತೆ ತಂದರು. ದಪ್ಪ ರಟ್ಟು, ಬಣ್ಣಬಣ್ಣದ ಚಿತ್ರ. ಶೆಲ್ಫಿನಲ್ಲಿಟ್ಟರೆ ಆಡಿದಷ್ಟೇ ಖುಷಿ. ಅದೇ ತೊಂದರೆ, ಆಮೇಲೆ ಆಡೋದೇ ಇಲ್ಲ.

ನಾನು ಬರೆಯುವುದಕ್ಕೆ ಕೂತೆ. ಆಡುವವರು ಇಲ್ಲದಿದ್ದರೂ ಊರು ಕಟ್ಟಬಹುದಲ್ಲ. ಮಗಳ ಹಳೇ ಗಣಿತದ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ರಾತ್ರಿ ಒಂದಿಷ್ಟು ಗೀಚುತ್ತಿದ್ದೆ. ಹೊಳೆ ದಾಟುವಲ್ಲಿ ಒಂದು ಸುಂಕದ ಕಟ್ಟೆ. ಅಲ್ಲೊಬ್ಬ ಲಂಚಕೋರ ಸುಂಕದವನು, ಅವನಿಗೆ ಹಲ್ಲುನೋವು. ರಾತ್ರಿ ಹೊತ್ತು ಮಾತ್ರ ನೀರು ಏರುವ ಒಂದು ಕಲ್ಯಾಣಿ. ಸುಮ್ನೆ ಒಂದು ಹಾಳೆಯ ಫೋಟೋ ತೆಗೆದು ಹಾಸ್ಟೆಲಿನ ವಾಟ್ಸ್ಆ್ಯಪ್ ಗುಂಪಿಗೆ ಹಾಕಿದೆ. ಗುಡ್ ಮಾರ್ನಿಂಗ್ ಬಿಟ್ಟರೆ ಬೇರೇನೂ ಬಾರದ ಗುಂಪು ಅದು. ಆಡಿಟರ್ ಕೇಳಿದ: "ಸುಂಕದವನಿಗೆ ಎಷ್ಟು ಕೊಟ್ಟರೆ ಬಿಡ್ತಾನೆ?" ಟೆಕ್ಸಾಸಿನಲ್ಲಿರುವವನು, "ಕೊಡೋದ್ಯಾಕೆ, ಹಲ್ಲು ಕಿತ್ತುಕೊಡೋಣ" ಅಂದ. ಆಟ ಶುರುವಾಗಿಯೇ ಹೋಗಿತ್ತು, ದಾಳ ಹಾಕುವುದೊಂದು ಬಾಕಿ.

ಈಗ ಇಲ್ಲಿ ಭಾನುವಾರ ಬೆಳಗ್ಗೆ, ಅಲ್ಲಿ ಶನಿವಾರ ರಾತ್ರಿ. ಲ್ಯಾಪ್‌ಟಾಪ್ ಡೈನಿಂಗ್ ಟೇಬಲ್ಲಿನ ಮೇಲೆ, ಅದರ ಪಕ್ಕದಲ್ಲೇ ಅಮ್ಮ ಅವರೆಕಾಯಿ ಸುಲಿಯುತ್ತಾರೆ. ಮೊದಮೊದಲು "ನಾನು ಸತ್ತೆನಾ?" ಅಂತ ಯಾರಾದರೂ ಕಿರುಚಿದರೆ ಬೆಚ್ಚಿಬೀಳುತ್ತಿದ್ದರು. ಈಗ ಅವರಿಗೆ ಎಲ್ಲರ ಲೆಕ್ಕ ಗೊತ್ತು. ಹೋದ ವಾರ ಆಡಿಟರ್ ಹಲ್ಲು ಕೀಳಲು ದಾಳ ಹಾಕಿ, ಒಂದು ಬಿದ್ದು, ಒಳ್ಳೇ ಹಲ್ಲನ್ನೇ ಕಿತ್ತ. ಸುಂಕದವನು ರಕ್ತ ಉಗುಳುತ್ತಾ ಕಾವಲುಗಾರರನ್ನು ಕೂಗಿದ. ಎಲ್ಲರೂ ಗಪ್‌ಚಿಪ್. ಅಮ್ಮ ತಲೆ ಎತ್ತಲೇ ಇಲ್ಲ. "ಲವಂಗ ಕೊಡ್ರೋ ಅವನಿಗೆ. ಆಮೇಲೆ ದುಡ್ಡಿನ ಮಾತು."

ಅಮ್ಮನ ಪರವಾಗಿ ನಾನೇ ದಾಳ ಹಾಕಿದೆ. ಹದಿನೆಂಟು.