ಮಲ್ಟಿಪಲ್ ಇನ್ಹೆರಿಟೆನ್ಸ್: ಯಾವ ಮೆಥಡ್ ಓಡ್ಬೇಕು ಅಂತ ಕ್ಲಾಸ್ ಬರೆದ ಆರ್ಡರ್ ತೀರ್ಮಾನಿಸ್ಬೇಕಾ?

ಪರ

ಪೈಥಾನ್ ಭಾಷೆಯಲ್ಲಿ ಒಂದು ಕ್ಲಾಸ್ ಎರಡು ಪೇರೆಂಟ್ ಕ್ಲಾಸ್‌ಗಳಿಂದ ಕೋಡ್ ಪಡ್ಕೊಂಡಾಗ (ಇದೇ ಮಲ್ಟಿಪಲ್ ಇನ್ಹೆರಿಟೆನ್ಸ್) ಎರಡರಲ್ಲೂ ಒಂದೇ ಹೆಸರಿನ ಮೆಥಡ್, ಅಂದ್ರೆ ಕ್ಲಾಸಿನ ಫಂಕ್ಷನ್, ಇದ್ರೆ ಯಾವುದೋ ಒಂದು ಮೊದಲು ಓಡ್ಲೇಬೇಕಲ್ವಾ, ಕ್ಲಾಸ್ ಹೆಸರಿನ ಪಕ್ಕದ ಬ್ರಾಕೆಟ್ ಒಳಗೆ ನಾವೇ ಬರೆದಿರೋ ಆರ್ಡರ್ ನೋಡಿ ಅದನ್ನ ಆರಿಸೋದೇ ಸರಿ. ಪೈಥಾನ್ ಇದನ್ನ ಅಂದಾಜಲ್ಲಿ ಮಾಡ್ತಿಲ್ಲ. ಬಿ, ಸಿ ಎರಡೂ ಎ ಇಂದ ಬಂದಿವೆ, ಡಿ ಅವೆರಡರಿಂದ ಬಂದಿದೆ ಅಂತಿಟ್ಕೊಳ್ಳಿ. ಹಳೇ ಸ್ಟೈಲ್ ಕ್ಲಾಸ್‌ಗಳಲ್ಲಿ ಎಡಗಡೆ ಪೇರೆಂಟ್ ಹಿಡ್ಕೊಂಡು ಮೇಲಿನ ತುದಿವರೆಗೂ ಹುಡುಕ್ತಿದ್ದದ್ರಿಂದ ಸಿ ಬದಲಾಯಿಸಿ ಬರೆದ ಮೆಥಡ್ ಬಿಟ್ಟು ಎ ಒಳಗಿನ ಹಳೇದೇ ಓಡ್ತಿತ್ತು. 2003ರಲ್ಲಿ ಬಂದ ಪೈಥಾನ್ 2.3, ಡಿಲನ್ ಭಾಷೆಗೆ ಅಂತ ಮಾಡಿದ್ದ ಸಿ3 ಅನ್ನೋ, ಕ್ಲಾಸ್‌ಗಳನ್ನ ಹುಡುಕೋ ಸಾಲು ಕಟ್ಟೋ ಲೆಕ್ಕವನ್ನ ಹೊಸ ಸ್ಟೈಲ್ ಕ್ಲಾಸ್‌ಗಳಿಗೆ ತಗೊಂಡ್ತು. ಈಗ ಹುಡುಕೋ ಸಾಲು ಡಿ, ಬಿ, ಸಿ, ಎ. ಚೈಲ್ಡ್ ಯಾವಾಗ್ಲೂ ಪೇರೆಂಟ್‌ಗಿಂತ ಮುಂಚೆ, ನಾವು ಬರೆದ ಆರ್ಡರೂ ಹಾಗೇ ಉಳಿಯುತ್ತೆ. ಎರಡೂ ಒಟ್ಟಿಗೆ ಆಗಲ್ಲ ಅಂದ್ರೆ, ಉದಾಹರಣೆಗೆ ಬ್ರಾಕೆಟಲ್ಲಿ ಎ ನ ಬಿ ಗಿಂತ ಮೊದಲು ಬರೆದ್ರೆ, ಟೈಪ್‌ಎರರ್ ಅನ್ನೋ ದೋಷ ಬಂದು ಕ್ಲಾಸೇ ಹುಟ್ಟಲ್ಲ.

ಬಿ ಒಳಗಿನ ಸೂಪರ್ ಕಾಲ್ (ಸಾಲಲ್ಲಿ ಮುಂದಿನ ಕ್ಲಾಸಿನ ಮೆಥಡ್ ಕರೆಯೋದು), ಆಬ್ಜೆಕ್ಟ್ ಡಿ ದಾಗಿದ್ರೆ ಎ ಗೆ ಹೋಗದೆ ಸಿ ಗೆ ಹೋಗುತ್ತೆ. ಮಿಕ್ಸಿನ್ ಅನ್ನೋ, ಬೇರೆ ಕ್ಲಾಸ್‌ಗೆ ಸೇರಿಸೋ ಚಿಕ್ಕ ಚಿಕ್ಕ ಕ್ಲಾಸ್ ಬರೆದು ಬೇಕಾದಂಗೆ ಜೋಡಿಸ್ಕೊಳ್ಳೋಕೆ ಆಗ್ತಿರೋದೇ ಇದ್ರಿಂದ. ಡೌಟ್ ಬಂದ್ರೆ ಎಂಆರ್‌ಒ, ಅಂದ್ರೆ ಮೆಥಡ್ ಹುಡುಕೋ ಆರ್ಡರ್, ಪ್ರಿಂಟ್ ಮಾಡಿ, ಪೂರ್ತಿ ಸಾಲು ಕಣ್ಣೆದುರಿಗೇ ಇರುತ್ತೆ.

ವಿರೋಧ

ಸಿ3 ಲೆಕ್ಕದಲ್ಲಿ ತಪ್ಪಿಲ್ಲ, ಒಪ್ತೀನಿ. ಆದ್ರೆ ಆ ಟೈಪ್‌ಎರರ್ ಬರೋದು ಆರ್ಡರ್ ಅಸಾಧ್ಯ ಆದಾಗ ಮಾತ್ರ, ಆರ್ಡರ್ ತಪ್ಪಾದಾಗ ಅಲ್ಲ! ಪೈಥಾನ್‌ನ ವೆಬ್ ಫ್ರೇಮ್‌ವರ್ಕ್ ಜ್ಯಾಂಗೋದಲ್ಲಿ ಲಾಗಿನ್ ಚೆಕ್ ಮಾಡೋ ಲಾಗಿನ್‌ರಿಕ್ವೈರ್ಡ್‌ಮಿಕ್ಸಿನ್ ಎಡಗಡೆ, ಪಟ್ಟಿಯ ಪೇಜ್ ತೋರಿಸೋ ಲಿಸ್ಟ್‌ವ್ಯೂ ಬಲಗಡೆ ಬರೀಬೇಕು. ಯಾರಾದ್ರೂ ಅದಲು ಬದಲು ಬರೆದ್ರೆ ವ್ಯೂ ಕ್ಲಾಸಿನ ಡಿಸ್ಪ್ಯಾಚ್ (ರಿಕ್ವೆಸ್ಟ್ ತಗೊಳ್ಳೋ ಮೆಥಡ್) ಮೊದಲು ಸಿಗುತ್ತೆ, ಅದು ಸೂಪರ್ ಕರೆಯಲ್ಲ, ಲಾಗಿನ್ ಚೆಕ್ ಓಡೋದೇ ಇಲ್ಲ, ಪೇಜು ಮಾತ್ರ ಚೆನ್ನಾಗೇ ಓಪನ್ ಆಗುತ್ತೆ, ಲಾಗಿನ್ ಆಗಿ ಟೆಸ್ಟ್ ಮಾಡೋರಿಗೆ ಇದು ಗೊತ್ತೇ ಆಗಲ್ಲ. ಒಂದು ಕಾಮಾದ ಆಚೆ ಈಚೆ ಹೆಸರು ಬದಲಾದ್ರೆ ಬೀಗವೇ ಇಲ್ಲದಂಗೆ ಆಗೋದಾದ್ರೆ ಅಂಥ ರೂಲ್ ಮೇಲೆ ಸೆಕ್ಯುರಿಟಿ ನಿಲ್ಲಿಸೋದು ಸರಿಯಲ್ಲ.

ಪೈಥಾನ್‌ನ ಟೆಸ್ಟ್ ಲೈಬ್ರರಿ ಯೂನಿಟ್‌ಟೆಸ್ಟಲ್ಲೂ ಅಷ್ಟೇ, ಟೆಸ್ಟ್‌ಕೇಸ್ ಮುಂದೆ ಬರೆದ್ರೆ ಅದರ ಖಾಲಿ ಸೆಟಪ್ (ಟೆಸ್ಟ್‌ಗೆ ಮುಂಚೆ ಓಡೋ ಮೆಥಡ್) ಓಡಿ ಮಿಕ್ಸಿನ್‌ದು ಬಿಟ್ಟೋಗುತ್ತೆ.

ಸಿ++ ಭಾಷೆ ನೋಡಿ, ಒಂದೇ ಮೆಥಡ್ ಎರಡು ಪೇರೆಂಟಲ್ಲಿ ಇದ್ದು ಕರೆದ್ರೆ ಗೊಂದಲ ಇದೆ ಅಂತ ಕಂಪೈಲರೇ ನಿಲ್ಲಿಸುತ್ತೆ, ಆರ್ಡರ್ ನೋಡಿ ಆರಿಸಲ್ಲ. ಜಾವಾ 8ರಲ್ಲಿ, 2014ರಲ್ಲಿ, ಇಂಟರ್‌ಫೇಸ್‌ಗೆ (ಕ್ಲಾಸ್ ಪಾಲಿಸ್ಬೇಕಾದ ಮೆಥಡ್‌ಗಳ ಪಟ್ಟಿಗೆ) ಡೀಫಾಲ್ಟ್ ಮೆಥಡ್, ಅಂದ್ರೆ ಕೋಡ್ ಇರೋ ಮೆಥಡ್, ಬಂದಾಗ್ಲೂ ಅದೇ ನಿಲುವು, ಸಂಬಂಧ ಇಲ್ಲದ ಎರಡು ಡೀಫಾಲ್ಟ್ ಢಿಕ್ಕಿ ಹೊಡೆದ್ರೆ ಯಾವುದು ಬೇಕು ಅಂತ ನೀವೇ ಬರೀಬೇಕು. ಸ್ಕಾಲಾ ಭಾಷೆಯಲ್ಲಂತೂ ದಿಕ್ಕೇ ಉಲ್ಟಾ, ಓವರ್‌ರೈಡ್ ಅಂತ ಬರೆದ ಮೆಥಡ್‌ಗಳಲ್ಲಿ ಬಲಗಡೆ ಟ್ರೇಟ್ (ಮಿಕ್ಸಿನ್ ಥರದ್ದು) ಗೆಲ್ಲುತ್ತೆ. ಪೈಥಾನ್, ಸ್ಕಾಲಾ ಎರಡರಲ್ಲೂ ಕೆಲಸ ಮಾಡೋರು ಯಾವ ಕಡೆಯಿಂದ ಓದ್ಬೇಕು ಅಂತ ಪ್ರತಿ ಸಲ ನೆನಪು ಮಾಡ್ಕೋಬೇಕಾ? ಯಾವ ಪೇರೆಂಟ್‌ದು ಬೇಕು ಅಂತ ಹೆಸರು ಹಿಡಿದು ಬರೆಸಿ, ಒಂದು ಲೈನ್ ಜಾಸ್ತಿ ಆದ್ರೂ ರಿವ್ಯೂ ಮಾಡೋರ ಕಣ್ಣಿಗೆ ಅದು ಬೀಳುತ್ತೆ.