ಬೂಟಿನೊಳಗೆ ಕೋಳಿ ಗುಂಡಿಗೆ

ಐವತ್ತು ಗ್ರಾಂ ಕೋಳಿ ಕೈಮಾ. ಫ್ರಿಜ್ಜಿನಿಂದ ತೆಗೆದು ಬೆಚ್ಚಗೆ ಮಾಡಲು ಹತ್ತು ನಿಮಿಷ. ನೆಲದ ಮೇಲೆ ಬೋರಲು ಮಲಗಿ, ತಟ್ಟೆಯನ್ನು ಮೂತಿಯ ಮುಂದೆ ಹಿಡಿದು, ‘ಒಂದೇ ಒಂದು ತುತ್ತು ಮರೀ’ ಎಂದು ಗೋಗರೆಯಲು ಇಪ್ಪತ್ತು ನಿಮಿಷ. ಇಷ್ಟಾದ ಮೇಲೆ ಫೆರೆಟ್ ಎಂಬ ಆ ಮೊಳದುದ್ದದ ಪ್ರಾಣಿ ಕೈಮಾವನ್ನೊಮ್ಮೆ ಮೂಸುತ್ತದೆ. ಮೂತಿಗೆ ತಾಗಿದ್ದನ್ನು ಕಾರ್ಪೆಟ್ಟಿಗೆ ಒರೆಸುತ್ತದೆ. ತಟ್ಟೆಯ ಅಡಿಗೆ ತಲೆ ಕೊಟ್ಟು ಮಗುಚಿಹಾಕುತ್ತದೆ. ಆಮೇಲೆ ಮೂಲೆಯಲ್ಲಿರುವ, ಕಿಬಲ್ ಎಂಬ ಅಂಗಡಿಯ ಪ್ರಾಣಿ ಆಹಾರದ ಬಟ್ಟಲಿಗೆ ಹೋಗಿ ಆ ಕಂದು ಬಣ್ಣದ ಒಣ ಕಾಳನ್ನು ಕಟುಂ ಕುಟುಂ ಅಂತ ತಿನ್ನುತ್ತದೆ. ಆ ಕಟುಂ ಕುಟುಂ ಇದೆಯಲ್ಲ, ಬೋರಲು ಮಲಗಿದವರಿಗೇ ಗೊತ್ತು ಅದು ಎಲ್ಲಿ ಚುಚ್ಚುತ್ತದೆ ಅಂತ.

ಅದು ಸಸ್ಯಾಹಾರಿಯಾಗಿದ್ದರೆ ಕ್ಷಮಿಸಬಹುದಿತ್ತು. ಫೆರೆಟ್ ಅಪ್ಪಟ ಮಾಂಸಾಹಾರಿ. ಯುರೋಪಿನ ಪೋಲ್‌ಕ್ಯಾಟ್ ಎಂಬ ಕಾಡುಪ್ರಾಣಿಯನ್ನು ಮೊಲದ ಬಿಲಕ್ಕೆ ನುಗ್ಗಿಸುವ ಕೆಲಸಕ್ಕೆಂದು 2,000 ವರ್ಷಕ್ಕೂ ಹಿಂದೆಯೇ ಪಳಗಿಸಿದ್ದರಿಂದ ಬಂದ ಜಾತಿ ಇದು. ಬಾಯಲ್ಲಿ 34 ಹಲ್ಲು. ಒಂದೂ ಕಾಳು ಅರೆಯಲು ಹುಟ್ಟಿದ್ದಲ್ಲ. ಕರುಳು ಎಷ್ಟು ಗಿಡ್ಡವೆಂದರೆ ತಿಂದದ್ದು ಮೂರ್ನಾಲ್ಕು ಗಂಟೆಯಲ್ಲಿ ಆ ಕಡೆಯಿಂದ ಹೊರಗೆ. ನಾರು ಕೊಳೆಸಿ ಅರಗಿಸಲು ಬೇಕಾದ ಸೀಕಮ್ ಎಂಬ ಚೀಲವೇ ಅದರ ಹೊಟ್ಟೆಯಲ್ಲಿಲ್ಲ. ಇಷ್ಟೆಲ್ಲ ಅರ್ಹತೆ ಇಟ್ಟುಕೊಂಡು ಕೋಳಿಯನ್ನು ಕಂಡರೆ ‘ಛೀ’ ಅನ್ನುತ್ತದೆ.

ನ್ಯೂಜೆರ್ಸಿಯ ಎಡಿಸನ್ ಸುತ್ತಮುತ್ತಲಿನ ಕನ್ನಡದ ಮನೆಗೆ ಇಂಥದ್ದೊಂದು ಬರುವುದು ಸಾಮಾನ್ಯವಾಗಿ ಮಕ್ಕಳ ಹಟದಿಂದ. ಕ್ಯಾಲಿಫೋರ್ನಿಯಾದ ಅಪ್ಪ ಅಮ್ಮಂದಿರು ಪುಣ್ಯವಂತರು, ಅಲ್ಲಿ ಸಾಕುವುದೇ ಕಾನೂನಿಗೆ ವಿರುದ್ಧ. ಹಡ್ಸನ್ ನದಿ ದಾಟಿದರೆ ನ್ಯೂಯಾರ್ಕ್ ನಗರದಲ್ಲೂ ಹಾಗೆಯೇ. ನ್ಯೂಜೆರ್ಸಿಗೆ ಮಾತ್ರ ಆ ನೆಪವಿಲ್ಲ. ಮನೆಗೆ ಬಂದ ನೆಂಟರೆಲ್ಲ ‘ಅಯ್ಯೋ, ಮುಂಗುಸಿ!’ ಎನ್ನುತ್ತಾರೆ. ಮುಂಗುಸಿಯ ಕುಟುಂಬವೇ ಬೇರೆ, ಇದು ತುಂಗಭದ್ರೆಯಲ್ಲಿ ಈಜುವ ನೀರುನಾಯಿಯ ಬಳಗ ಅಂತ ತಿಳಿಸಿ ಹೇಳಿದರೆ, ಎಲ್ಲ ಕೇಳಿಸಿಕೊಂಡು, ‘ಹಾಗಾದ್ರೆ ಹಾವು ಹಿಡಿಯುತ್ತಾ?’ ಎನ್ನುತ್ತಾರೆ. ಹಾವು ಹಾಗಿರಲಿ, ಸತ್ತು, ಚರ್ಮ ಸುಲಿದು, ತುಂಡಾಗಿ ತಟ್ಟೆಯಲ್ಲಿ ಬಿದ್ದಿರುವ ಕೋಳಿಯನ್ನೇ ಹಿಡಿಯುತ್ತಿಲ್ಲ.

ದೋಷ ಮೂಗಿನದು. ಫೆರೆಟ್ ಮರಿಯ ಮೂಗು ಸುಮಾರು ಮೊದಲ ಆರು ತಿಂಗಳಲ್ಲಿ ಓದು ಮುಗಿಸಿಬಿಡುತ್ತದೆ. ಆ ಅವಧಿಯಲ್ಲಿ ಏನನ್ನು ಮೂಸಿ ತಿಂದಿತೋ ಅಷ್ಟೇ ಊಟದ ಪಟ್ಟಿ. ಉಳಿದದ್ದೆಲ್ಲ ಸಾಮಾನು, ಸೋಫಾ, ಕಾಲುಚೀಲಗಳ ಸಾಲಿಗೆ ಸೇರಿದ್ದು. ಅಮೆರಿಕದ ಅಂಗಡಿಯಿಂದ ಬರುವ ಮರಿ, ಕಿವಿಯೊಳಗೆ ಎರಡು ಹಚ್ಚೆ ಚುಕ್ಕೆ ಹಾಕಿಸಿಕೊಂಡು ಬರುತ್ತದಲ್ಲ ಅದು, ತಾಯಿಹಾಲು ಬಿಟ್ಟಾಗಿನಿಂದ ಕಿಬಲ್ ಒಂದನ್ನೇ ಕಂಡಿರುತ್ತದೆ. ಅದರ ಪಾಲಿಗೆ ಹಸಿ ಮಾಂಸ ಎಂದರೆ ಒದ್ದೆಯಾದ ಒಂದು ವಸ್ತು.

ಇದಕ್ಕೆ ಪರಿಹಾರ ಹೇಳುವವರಿಗೇನೂ ಬರವಿಲ್ಲ. ಫೋನಿನಲ್ಲಿ ದೊಡ್ಡಪ್ಪ ಹೇಳುತ್ತಾರೆ: ‘ಒಂದು ದಿನ ಉಪವಾಸ ಕೆಡವಿ, ಹೊಟ್ಟೆ ಚುರುಗುಟ್ಟಿದರೆ ತಾನೇ ತಿನ್ನುತ್ತೆ.’ ಏಕಾದಶಿ ಫೆರೆಟ್ಟಿಗೆ ಹೇಳಿದ್ದಲ್ಲ. ತಿಂದದ್ದು ಮೂರ್ನಾಲ್ಕು ಗಂಟೆಯಲ್ಲಿ ಖಾಲಿಯಾಗುವ ಮೈಗೆ ಒಂದು ದಿನದ ಉಪವಾಸ ಎಂದರೆ ರಕ್ತದ ಸಕ್ಕರೆ ಪಾತಾಳಕ್ಕೆ. ಮೂರು ವರ್ಷ ದಾಟಿದವುಗಳಿಗೆ ಮೇದೋಜೀರಕದಲ್ಲಿ ಇನ್ಸುಲಿನೋಮಾ ಎಂಬ, ಆ ಸಕ್ಕರೆಯನ್ನು ಇನ್ನೂ ಇಳಿಸುವ ಗಡ್ಡೆ ಬರುವುದು ತೀರಾ ಸಾಮಾನ್ಯ, ಅವಕ್ಕಂತೂ ಅಪಾಯ. ಹಿಂಗಾಲು ಎಳೆಯುವುದು, ಜೊಲ್ಲು ಸುರಿಸುತ್ತ ಬಾಯಿಯನ್ನು ಪಂಜದಿಂದ ಕೆರೆದುಕೊಳ್ಳುವುದು, ಗೋಡೆ ದಿಟ್ಟಿಸುತ್ತ ಕೂರುವುದು ಕಂಡರೆ ಕಾಯಬಾರದು, ಡಾಕ್ಟರ ಬಳಿ ಓಡಬೇಕು. ಆರೋಗ್ಯವಾಗಿರುವ ಮರಿಯ ಬಟ್ಟಲನ್ನು ಎರಡು ಗಂಟೆ, ಹೆಚ್ಚೆಂದರೆ ಮೂರು ಗಂಟೆ ಎತ್ತಿಟ್ಟು ಆಮೇಲೆ ಹೊಸ ಊಟ ತೋರಿಸಬಹುದು. ಹಟಕ್ಕೆ ಹಟ ಹಿಡಿದರೆ ಸೋಲುವುದು ನಾವು, ಸಾಯುವುದು ಅದು.

ನಡೆಯುವ ದಾರಿ ಗಂಜಿಯದು. ಎರಡು ಚಮಚ ಕಿಬಲ್ಲನ್ನು ಮಿಕ್ಸಿಯಲ್ಲಿ ಪುಡಿ ಮಾಡಿ, ಬಿಸಿನೀರು ಹಾಕಿ ಹತ್ತು ನಿಮಿಷ ನೆನೆಸಿದರೆ ದೋಸೆ ಹಿಟ್ಟಿನ ಹದಕ್ಕೆ ಬರುತ್ತದೆ. (ಚಟ್ನಿ ಜಾರಿನಲ್ಲಿ ರುಬ್ಬಿ ಸಿಕ್ಕಿಬಿದ್ದವರ ಗತಿ ಏನಾಯಿತೆಂದು ಇಲ್ಲಿ ಬರೆಯುವುದಿಲ್ಲ, ಹತ್ತು ಡಾಲರಿನ ಪ್ರತ್ಯೇಕ ಜಾರು ಸಂಸಾರ ಉಳಿಸುತ್ತದೆ.) ಮೊದಲೆರಡು ದಿನ ಬರೀ ಈ ಗಂಜಿ. ನೆಕ್ಕತೊಡಗಿದ ಮೇಲೆ ಮೂಳೆಸಮೇತ ಅರೆದ ಕೋಳಿ ಕೈಮಾ ಕಾಲು ಚಮಚ. ಮೂರ್ನಾಲ್ಕು ದಿನ ಬಿಟ್ಟು ಅರ್ಧ ಚಮಚ. ಹೀಗೆ ಮಾಂಸ ಏರುತ್ತ ಹೋಗಿ ಕಿಬಲ್ ಪುಡಿ ಇಳಿಯುತ್ತ ಹೋಗಬೇಕು. ‘ತಿಂತಲ್ಲ!’ ಎಂಬ ಖುಷಿಯಲ್ಲಿ ಮರುದಿನವೇ ಎರಡು ಚಮಚ ಸುರಿದರೆ ಮೂಗು ಕಳ್ಳನನ್ನು ಹಿಡಿಯುತ್ತದೆ; ಮತ್ತೆ ಮೊದಲ ದಿನಕ್ಕೆ ವಾಪಸ್. ಬೆಚ್ಚಗಿರುವುದು ಮುಖ್ಯ, ತಣ್ಣಗಿನ ಮಾಂಸಕ್ಕೆ ವಾಸನೆಯೇ ಕಡಿಮೆ. ಜಿಪ್ ಚೀಲದಲ್ಲಿ ಹಾಕಿ ಬಿಸಿನೀರಿನ ಪಾತ್ರೆಯಲ್ಲಿ ಇಳಿಬಿಡಿ. ಮೈಕ್ರೋವೇವ್ ಬೇಡ. ಅದರಲ್ಲಿ ಒಂದು ಮಗ್ಗುಲು ಬೆಂದು ಇನ್ನೊಂದು ಮಗ್ಗುಲು ಮಂಜಾಗಿರುತ್ತದೆ. ಬೆಂದ ಮೂಳೆಯಂತೂ ಚೂರುಚೂರಾಗಿ ಸಿಗಿದು ಕರುಳಿಗೆ ಚುಚ್ಚುತ್ತದೆ. ಸಾಲ್ಮನ್ ಮೀನಿನ ಎಣ್ಣೆ ಒಂದು ಹನಿ ಮೇಲೆ ಹಾಕುವುದು ಲಂಚ. ಒಂದೇ ಹನಿ, ಲಂಚ ಹೆಚ್ಚಾದರೆ ಭೇದಿ.

ಆದರೂ ನೆಕ್ಕದಿದ್ದರೆ ಬೆರಳು. ಕಿರುಬೆರಳ ತುದಿಗೆ ಗಂಜಿ ಅದ್ದಿ ಮೇಲ್ದುಟಿಗೆ ಸವರಬೇಕು. ಅದು ಮುಖ ಕಿವುಚುತ್ತದೆ, ನಾಲಿಗೆ ಚಾಚುತ್ತದೆ, ಅಕಸ್ಮಾತ್ ರುಚಿ ಸಿಗುತ್ತದೆ. ಬಾಯಿ ಅಗಲಿಸಿ ತುರುಕಬಾರದು. ಗಂಟಲಿಗೆ ಸಿಕ್ಕುವ ಅಪಾಯ ಒಂದು, ಆ ವಾಸನೆಯ ಮೇಲೆ ಶಾಶ್ವತ ದ್ವೇಷ ಹುಟ್ಟುವುದು ಇನ್ನೊಂದು. ದಿನಕ್ಕೆ ನಾಲ್ಕು ಸಲ, ಒಂದು ಸಲಕ್ಕೆ ಐದಾರು ಬೆರಳು. ಇದಕ್ಕೆ ನಮ್ಮಲ್ಲಿ ಹಳೆಯ ಹೆಸರಿದೆ: ಕೈತುತ್ತು. ಆ ಮನೆಯಲ್ಲಿ ಕೊನೆಯ ಸಲ ಕೈತುತ್ತು ತಿಂದ ಮಗು ಈಗ ಕಾಲೇಜು ಹಾಸ್ಟೆಲ್ಲಿನಲ್ಲಿ ಮಧ್ಯರಾತ್ರಿ ಕಾರ್ನ್‌ಫ್ಲೇಕ್ಸಿಗೆ ಹಾಲು ಸುರಿದುಕೊಳ್ಳುತ್ತಿರುತ್ತದೆ. ಅದಕ್ಕೂ ಮೆಂತ್ಯದ ಹಿಟ್ಟಿನ ಗೊಜ್ಜು ಕಲಿಸಲು ಇಷ್ಟೇ ಬೆರಳು ಹಿಡಿದಿತ್ತು, ಅದೂ ಹೀಗೇ ಮುಖ ಕಿವುಚಿತ್ತು, ಮತ್ತು ಮೊದಲ ಆರು ತಿಂಗಳು ಯಾವಾಗಲೋ ಮುಗಿದುಹೋಗಿತ್ತು. ಫೆರೆಟ್ಟನ್ನು ಮಡಿಲಲ್ಲಿ ಹಾಕಿಕೊಂಡು ‘ಆ... ಆ...’ ಅನ್ನುವಾಗ ಇದೆಲ್ಲ ನೆನಪಿಗೆ ಬರುತ್ತದೆ. ಅಷ್ಟರಲ್ಲಿ ಅದು ಬೆರಳು ಕಚ್ಚುತ್ತದೆ.

ಗಂಜಿ ಗೆದ್ದ ಮೇಲೆ ತುಂಡು. ಕೋಳಿ ತೊಡೆಯ ಮಾಂಸವನ್ನು ಬೆಂಕಿಕಡ್ಡಿಯಷ್ಟು ತೆಳ್ಳಗೆ ಸೀಳಿ ಗಂಜಿಯಲ್ಲಿ ಮುಳುಗಿಸಿಡಿ. ಫೆರೆಟ್ಟು ದವಡೆಯ ಪಕ್ಕದ ಹಲ್ಲಿನಿಂದ ಕತ್ತರಿಸಿ ತಿನ್ನುವಂಥದ್ದು, ತಲೆ ಓರೆ ಮಾಡಿ ಜಗಿಯತೊಡಗಿದರೆ ಪಾಸಾಯಿತೆಂದು ಅರ್ಥ. ಮುಂದೆ ರೆಕ್ಕೆಯ ತುದಿ, ಕತ್ತಿನ ತುಂಡು. ಮೂಳೆ ಹೊಸದಾದ್ದರಿಂದ ಮೊದಲು ಜಜ್ಜಿ ಕೊಡಬೇಕು, ಮತ್ತು ಸುತ್ತಿಗೆಯನ್ನೇ ಬಳಸಬೇಕು. ಲಟ್ಟಣಿಗೆ ಹತ್ತಿರದಲ್ಲಿರುತ್ತದೆ, ತೂಕವೂ ಸರಿಯಾಗಿರುತ್ತದೆ, ಆದರೆ ಸಂಜೆ ಚಪಾತಿಯೂ ಇರುತ್ತದೆ.

ಲೆಕ್ಕ ತಪ್ಪುವುದು ಇಲ್ಲೇ. ಮೂಳೆಯಿಲ್ಲದ ಎದೆಮಾಂಸ ಶುಚಿಯಾಗಿ ಕಾಣುತ್ತದೆಂದು ಅದೊಂದನ್ನೇ ಕೊಡುವವರಿದ್ದಾರೆ. ಅದರಲ್ಲಿ ರಂಜಕ ಉಂಟು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು ಕಡಿಮೆ. ತಿಂಗಳುಗಟ್ಟಲೆ ಹಾಗೇ ನಡೆದರೆ ಪ್ರಾಣಿ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ಹಸಿ ಊಟ ಹಾಕುವವರು ಸಾಮಾನ್ಯವಾಗಿ ಹಿಡಿಯುವ ಅಳತೆ ಮಾಂಸ 80 ಭಾಗ, ತಿನ್ನಬಲ್ಲ ಮೂಳೆ 10, ಒಳಾಂಗ 10. ಆ ಹತ್ತರಲ್ಲಿ ಅರ್ಧ ಪಿತ್ತಜನಕಾಂಗ, ಉಳಿದರ್ಧ ಮೂತ್ರಪಿಂಡದಂಥವು. ಗುಂಡಿಗೆ ಒಳಾಂಗವಲ್ಲ, ಮಾಂಸದ ಲೆಕ್ಕಕ್ಕೇ ಸೇರುತ್ತದೆ. ಅದರಲ್ಲಿ ಟಾರಿನ್ ಎಂಬ ಪೋಷಕಾಂಶ ಹೆಚ್ಚು, ವಾರಕ್ಕೆ ಮೂರ್ನಾಲ್ಕು ಸಲ ಬೇಕು. ಒಂದು ಕಿಲೋ ತೂಗುವ ಫೆರೆಟ್ಟು ದಿನಕ್ಕೆ 70 ಗ್ರಾಂ ತಿಂದರೆ ಅದರಲ್ಲಿ ಪಿತ್ತಜನಕಾಂಗ ಮೂರೂವರೆ ಗ್ರಾಂ, ಅರ್ಧ ಅಡಿಕೆಯಷ್ಟು. ಬೆಳೆಯುವ ಮರಿಗೆ ಊಟ ಇನ್ನೂ ಹೆಚ್ಚು. ಎಡಿಸನ್ನಿನ ಭಾರತೀಯ ಅಂಗಡಿಗಳ ಓಕ್ ಟ್ರೀ ರಸ್ತೆಯಲ್ಲಿ ಕೊತ್ತಂಬರಿ ಸೊಪ್ಪು ಕೊಂಡು, ಹಲಾಲ್ ಕಟುಕರ ಅಂಗಡಿಯಲ್ಲಿ ಒಂದು ಪೌಂಡು ಕೋಳಿ ಗುಂಡಿಗೆ ಕೇಳುವ ಗೃಹಸ್ಥರನ್ನು ಕಂಡರೆ ಅನುಮಾನ ಪಡಬೇಡಿ. ಅವರ ಮನೆಯಲ್ಲಿ ಒಳ್ಳೆ ಸಾರೇ ಇರುತ್ತದೆ.

ಈಗ ಗುಂಡಿಗೆಯ ವಿಷಯಕ್ಕೆ ಬರೋಣ. ಸಿಟ್ಟು ಇರುವುದು ಅಲ್ಲೇ.

ಫೆರೆಟ್ಟು ತಿನ್ನಲು ಒಪ್ಪಿದ ದಿನವೇ ಬಚ್ಚಿಡಲೂ ಶುರು ಮಾಡುತ್ತದೆ. ವಾರಗಟ್ಟಲೆ ‘ಇದು ಆಹಾರವಲ್ಲ’ ಎಂದದ್ದು ಈಗ ‘ಇದು ಆಸ್ತಿ’ ಎನ್ನುತ್ತದೆ. ತಟ್ಟೆಯಲ್ಲಿ ನಾಲ್ಕು ಗುಂಡಿಗೆ ಇಟ್ಟರೆ ಎರಡನ್ನು ತಿಂದು, ಮೂರನೆಯದನ್ನು ಕಚ್ಚಿಕೊಂಡು, ಬೆನ್ನು ಗೂನು ಮಾಡಿ, ಹಿಮ್ಮುಖವಾಗಿ ಓಡುತ್ತದೆ. ಗೋಡೆಯಂಚು, ಸೋಫಾದ ಕೆಳಗಿನ ಬಟ್ಟೆ ಹರಿದ ತೂತು, ಒಗೆಯುವ ಬಟ್ಟೆಯ ಬುಟ್ಟಿ. ಇವೆಲ್ಲ ಜಗತ್ತಿನ ಎಲ್ಲ ಫೆರೆಟ್ಟುಗಳ ಬ್ಯಾಂಕು. ಆದರೆ ಚಪ್ಪಲಿ ಬಾಗಿಲಲ್ಲೇ ಬಿಟ್ಟು ಒಳಗೆ ಬರುವ ನಮ್ಮಂಥ ಮನೆಗಳಲ್ಲಿ ಅದಕ್ಕೆ ಸೇಫ್ ಡಿಪಾಸಿಟ್ ಲಾಕರ್ ಸೌಲಭ್ಯವೂ ಉಂಟು. ಬೂಟು! ಕತ್ತಲು, ಇಕ್ಕಟ್ಟು, ಒಂದೇ ಬಾಗಿಲು, ಒಳ್ಳೆಯ ವಾಸನೆ. ಬಿಲದಲ್ಲಿ ಇದಕ್ಕಿಂತ ಹೆಚ್ಚಿನದೇನಿದೆ? ಗಣೇಶನ ಹಬ್ಬಕ್ಕೆ ಇಪ್ಪತ್ತು ಜನ ಬಂದರೆ ನಲವತ್ತು ಲಾಕರು. ಒಳಗೆ ಮೋದಕ, ಮಂಗಳಾರತಿ. ಹೊರಗೆ ಪ್ಯಾಸೇಜಿನಲ್ಲಿ ಒಬ್ಬ ಮ್ಯಾನೇಜರು ಬೂಟಿನಿಂದ ಬೂಟಿಗೆ ತಲೆ ಹಾಕಿ, ಬೆರಳಿನ ತುದಿಯವರೆಗೆ ಇಳಿದು, ಠೇವಣಿ ಇಟ್ಟು, ಮೂತಿಯಿಂದ ಒತ್ತಿ ಭದ್ರಪಡಿಸಿ, ಮೇಲೆ ಬಂದು ಸುತ್ತ ನೋಡುತ್ತಿರುತ್ತಾನೆ. ಪುರೋಹಿತರ ಚಪ್ಪಲಿಯನ್ನು ಮುಟ್ಟುವುದಿಲ್ಲ. ಭಯಭಕ್ತಿಯಿಂದಲ್ಲ, ಅದಕ್ಕೆ ಮುಚ್ಚಳವಿಲ್ಲ.

ಕಿಬಲ್ ಬಚ್ಚಿಟ್ಟರೆ ತಿಂಗಳಾದರೂ ಕಿಬಲ್ಲೇ. ಹಸಿ ಗುಂಡಿಗೆ ಎರಡು ಗಂಟೆಯಲ್ಲಿ ಬ್ಯಾಕ್ಟೀರಿಯಾದ ಜಾತ್ರೆ, ಎರಡು ದಿನದಲ್ಲಿ ಇಡೀ ಮನೆಯ ವಿಷಯ. ಆದ್ದರಿಂದ ಎಣಿಸಿ ಕೊಡಬೇಕು, ಎಣಿಸಿ ವಾಪಸ್ ಪಡೆಯಬೇಕು. ಪಂಜರದೊಳಗೆ, ಇಲ್ಲವೇ ಸ್ನಾನದ ತೊಟ್ಟಿಯಲ್ಲಿ ಹಳೆಯ ಟವೆಲ್ ಹಾಸಿ ಅದರ ಮೇಲೆ ಊಟ. ಮುಗಿಯುವ ತನಕ ಕಾವಲು. ಕೈಮಾ ಹೊತ್ತೊಯ್ಯಲಾಗದು, ಹಬ್ಬದ ದಿನ ಅದನ್ನೇ ಹಾಕಿ. ಬೂಟಿಗೆ ರಕ್ತ ಹತ್ತಿದ್ದರೆ ಮೊದಲು ತಣ್ಣೀರು. ಗಾಬರಿಯಲ್ಲಿ ಬಿಸಿನೀರು ಸುರಿದರೆ ಕಲೆ ಬೆಂದು ಅಲ್ಲೇ ಕೂರುತ್ತದೆ.

ಮಲದ ಬಗ್ಗೆ ಬರೆಯದೆ ಬಿಡಬಹುದಿತ್ತು, ಆದರೆ ಫೆರೆಟ್ ಸಾಕುವವರು ಊಟದ ಮೇಜಿನಲ್ಲೂ ಮಾತಾಡುವುದು ಅದನ್ನೇ. ಕಿಬಲ್ಲಿನಿಂದ ಬಿಟ್ಟ ಮೇಲೆ ಅದು ಚಿಕ್ಕದಾಗಿ, ಗಾಢವಾಗಿ ಬರುತ್ತದೆ. ಕೆಲವು ದಿನ ಹಸಿರು ಲೋಳೆ ಕಂಡರೆ ಕರುಳು ಗೊಣಗುತ್ತಿದೆ ಅಂತ, ಒಂದು ಮೆಟ್ಟಿಲು ಹಿಂದೆ ಹೋಗಿ. ಸೀಮೆಸುಣ್ಣದಂತೆ ಬಿಳಿಯಾಗಿ ಪುಡಿಪುಡಿಯಾದರೆ ಮೂಳೆ ಹೆಚ್ಚಾಗಿದೆ. ಡಾಂಬರಿನಂತೆ ಕಪ್ಪಾಗಿ ಅಂಟಾದರೆ ಹೊಟ್ಟೆಯಲ್ಲಿ ರಕ್ತ ಸೋರುತ್ತಿರಬಹುದು, ಅದು ಡಾಕ್ಟರ ಕೆಲಸ. ಅಡುಗೆಮನೆಯ ತಕ್ಕಡಿಯಲ್ಲಿ ವಾರಕ್ಕೆರಡು ಸಲ ತೂಗಿ ಬರೆದಿಡಿ. ಹತ್ತನೇ ಒಂದು ಭಾಗ ಇಳಿದರೆ ಪ್ರಯೋಗ ನಿಲ್ಲಿಸಿ ಹಳೆಯ ಬಟ್ಟಲು ಇಡಿ. ಚಳಿಗಾಲಕ್ಕೆ ದಪ್ಪಗಾಗಿ ಬೇಸಿಗೆಗೆ ಇಳಿಯುವುದು ಅದರ ಸಹಜ ಗುಣ, ವಸಂತದಲ್ಲಿ ತೂಕ ಇಳಿದರೆ ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ತಕ್ಕಡಿಯ ಮೇಲೆ ನಿಲ್ಲುವುದಿಲ್ಲ, ಪಾತ್ರೆಯಲ್ಲಿ ಹಾಕಿ ತೂಗಬೇಕು. ಪಾತ್ರೆ ಯಾವುದೆಂದು ಮನೆಯವರಿಗೆ ಹೇಳಬೇಡಿ.

ಪಶುವೈದ್ಯರಲ್ಲಿ ಬಹಳ ಜನ ಈ ಹಸಿ ಊಟವನ್ನೇ ಒಪ್ಪುವುದಿಲ್ಲ. ಹಸಿ ಮಾಂಸದಲ್ಲಿರುವ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಒಂದು ಕಾರಣ. ಈಚೆಗೆ ಹಕ್ಕಿಜ್ವರ ಇನ್ನೊಂದು. 2024ರ ಡಿಸೆಂಬರಿನಲ್ಲಿ ಒರೆಗಾನಿನ ಬೆಕ್ಕೊಂದು ಹಸಿ ಆಹಾರದ ಪೊಟ್ಟಣದಿಂದ ಆ ಸೋಂಕು ತಗುಲಿ ಸತ್ತಿತು. ಫ್ರೀಜರಿನಲ್ಲಿಟ್ಟರೆ ವೈರಸ್ ಸಾಯುವುದಿಲ್ಲ. ಫೆರೆಟ್ಟಿಗೆ ಫ್ಲೂ ಬೇಗ ಹತ್ತುತ್ತದೆ, ಮನುಷ್ಯರದೂ ಹತ್ತುತ್ತದೆ. 1933ರಲ್ಲಿ ಲಂಡನ್ನಿನ ವಿಜ್ಞಾನಿಗಳು ಮನುಷ್ಯರ ಫ್ಲೂ ವೈರಸ್ಸನ್ನು ಮೊದಲ ಸಲ ಬೇರ್ಪಡಿಸಿದ್ದೇ ಫೆರೆಟ್ಟುಗಳ ಸಹಾಯದಿಂದ. ಅವುಗಳಲ್ಲೊಂದು ವಿಜ್ಞಾನಿಯ ಮುಖದ ಮೇಲೆ ಸೀನಿ ಸಾಲ ತೀರಿಸಿತು, ಅವರು ಮಲಗಿದರು. ಹೀಗಾಗಿ ಹೆದರಿಕೆಯಿರುವವರು ಪ್ರೋಟೀನು ಹೆಚ್ಚು, ಪಿಷ್ಟ ಕಡಿಮೆ ಇರುವ ಒಳ್ಳೆಯ ಕಿಬಲ್ಲಿನಲ್ಲೇ ಉಳಿದರೆ ಅದೇನೂ ಸೋಲಲ್ಲ. ಮುಂದುವರಿಯುವವರು ಕೈ, ಹಲಗೆ, ಚಾಕು ಸೋಪಿನಲ್ಲಿ ತೊಳೆಯಿರಿ, ಮತ್ತು ಊಟವಾದ ಮೂತಿಗೆ ಮುತ್ತಿಡಬೇಡಿ.

ಕೆಲವು ಮರಿಗಳಿಗೆ ಎರಡು ವಾರ ಸಾಕು, ಕೆಲವು ವಯಸ್ಸಾದವಕ್ಕೆ ಆರು ತಿಂಗಳು. ಬಟ್ಟಲಿನ ಕಟುಂ ಕುಟುಂ ನಿಂತು, ಒಂದು ಸಂಜೆ ರೆಕ್ಕೆಯ ಮೂಳೆ ಕಟಕ್ಕೆಂದು ಮುರಿಯುವ ಸದ್ದು ಕೇಳಿಸುತ್ತದೆ. ಆ ಹೊತ್ತಿಗೆ ಸರಿಯಾಗಿ ಯಾರೋ ನೆಂಟರು ಕಾಫಿ ಮುಗಿಸಿ, ಕುಂಕುಮ ತೆಗೆದುಕೊಂಡು ಹೊರಟಿರುತ್ತಾರೆ. ತಟ್ಟೆಯಲ್ಲಿ ಮೂರಿದ್ದ ಗುಂಡಿಗೆ ಈಗ ಎರಡಿದೆ. ಅವರು ಒಂದು ಕಾಲಿಗೆ ಬೂಟು ಹಾಕಿಕೊಂಡಾಗಿದೆ. ‘ಒಂದ್ನಿಮಿಷ, ಒಂದ್ನಿಮಿಷ’ ಅಂತ ಓಡಿ, ಇನ್ನೊಂದು ಬೂಟನ್ನು ಅವರ ಕೈಯಿಂದಲೇ ಕಸಿದು, ಬಾಗಿಲಾಚೆ ತಲೆಕೆಳಗಾಗಿಸಿ ಕುಟ್ಟಿ, ‘ಏನಿಲ್ಲ, ಕಲ್ಲೇನಾದ್ರೂ ಇತ್ತಾ ಅಂತ’ ಎನ್ನಬೇಕು. ಬೀಳದಿದ್ದರೆ, ಅವರು ಹಾಕಿಕೊಂಡಿರುವ ಬೂಟಿನಲ್ಲಿದೆ ಎಂದರ್ಥ.