ತಜಿಕಿಸ್ತಾನವನ್ನು ಎತ್ತಿ ನಿಲ್ಲಿಸಿದ್ದು ಯಾರು?

ತಜಿಕಿಸ್ತಾನದ ಬಗ್ಗೆ ಯಾವ ಆರ್ಥಿಕ ವರದಿ ಓದಿದರೂ ಅದೇ ರಾಗ. 1999ರಲ್ಲಿ ನೂರಕ್ಕೆ ಎಂಬತ್ತಕ್ಕೂ ಜಾಸ್ತಿ ಜನ ಬಡವರಿದ್ದರು, ಈಗ ಕಾಲು ಭಾಗಕ್ಕಿಂತ ಕಡಿಮೆ. ಶಾಂತಿ ಬಂತು, ಸುಧಾರಣೆ ಬಂತು, ದೇಶ ಎದ್ದು ನಿಂತಿತು. ಅಂಕಿಗಳು ಸುಳ್ಳಲ್ಲ. ಆದರೆ ಬೆವರು ಒಬ್ಬರದು, ಹೆಸರು ಇನ್ನೊಬ್ಬರದು ಆಗಿದೆ. ನನ್ನ ತಕರಾರು ಅದು.

ಸೋವಿಯತ್ ಒಕ್ಕೂಟದ ಹದಿನೈದು ಗಣರಾಜ್ಯಗಳಲ್ಲಿ ಇದೇ ಎಲ್ಲಕ್ಕಿಂತ ಬಡದು. ಬಜೆಟ್ಟಿನ ದೊಡ್ಡ ಪಾಲು ಮಾಸ್ಕೋದಿಂದ ಬರುತ್ತಿತ್ತು. 1991ರಲ್ಲಿ ಒಕ್ಕೂಟ ಒಡೆಯಿತು, ಆ ದುಡ್ಡು ನಿಂತಿತು. 1992ರ ಮೇ ತಿಂಗಳಲ್ಲಿ ಅಂತರ್ಯುದ್ಧ ಶುರುವಾಯಿತು. ಐದು ವರ್ಷದಲ್ಲಿ ಹತ್ತಾರು ಸಾವಿರ ಜನ ಸತ್ತರು. ದೇಶದ ಉತ್ಪಾದನೆ ಅರ್ಧಕ್ಕಿಂತ ಕೆಳಗೆ ಕುಸಿಯಿತು.

ಕಮ್ಯುನಿಸ್ಟರಿಗೂ ಇಸ್ಲಾಮಿಸ್ಟರಿಗೂ ನಡೆದ ಹೊಡೆದಾಟ ಅಂತ ಇದನ್ನು ಒಂದೇ ಸಾಲಲ್ಲಿ ಮುಗಿಸುವವರಿದ್ದಾರೆ. ಅದು ಅರ್ಧ ಸತ್ಯ. ಯುದ್ಧ ಅತಿ ಕ್ರೂರವಾಗಿ ನಡೆದದ್ದು ದಕ್ಷಿಣದ ವಖ್ಶ್ ಕಣಿವೆಯಲ್ಲಿ, ಹತ್ತಿ ಹೊಲಗಳ ನಡುವೆ. ಸೋವಿಯತ್ ಕಾಲದಲ್ಲಿ ಅಲ್ಲಿ ಹತ್ತಿ ಬೆಳೆಯಲು ಆಳು ಬೇಕಿತ್ತು. ಗರ್ಮ್ ಕಡೆಯ ಬೆಟ್ಟದ ಹಳ್ಳಿಗಳಿಂದ ಜನರನ್ನು ಎಬ್ಬಿಸಿ ತಂದು ಕೂರಿಸಿದರು. ಪಕ್ಕದಲ್ಲೇ ಕುಲೋಬ್ ಕಡೆಯವರ ಊರುಗಳು. ಭೂಮಿ ಯಾರಿಗೆ, ನೀರು ಯಾರಿಗೆ, ಸಾಮೂಹಿಕ ತೋಟದ ಯಜಮಾನಿಕೆ ಯಾರಿಗೆ ಅನ್ನುವ ಜಗಳ ಒಳಗೊಳಗೇ ಬೇಯುತ್ತಿತ್ತು. ಯುದ್ಧದಲ್ಲಿ ಕುಲೋಬ್‌ನವರು ಸರ್ಕಾರದ ಕಡೆ, ಗರ್ಮ್‌ನವರು ವಿರೋಧಿಗಳ ಕಡೆ ನಿಂತರು. ಕೈಗೆ ಬಂದೂಕು ಸಿಕ್ಕಾಗ ಗರ್ಮ್‌ನವರ ಮನೆಗಳಿಗೆ ಬೆಂಕಿ ಬಿತ್ತು. 1992ರ ಕೊನೆಯ ಚಳಿಯಲ್ಲಿ ಸುಮಾರು 60 ಸಾವಿರ ಜನ ನದಿ ದಾಟಿ ಅಫ್ಘಾನಿಸ್ತಾನಕ್ಕೆ ಓಡಿದರು. ಅಲ್ಲೂ ಯುದ್ಧ ನಡೆಯುತ್ತಿದ್ದ ಕಾಲ ಅದು. ಅದಕ್ಕಿಂತ ಇಲ್ಲಿನದೇ ಭಯ ಜಾಸ್ತಿ ಅನ್ನಿಸಿರಬೇಕು, ಅಲ್ವಾ?

1997ರ ಜೂನ್ 27ರಂದು ಮಾಸ್ಕೋದಲ್ಲಿ ಅಧ್ಯಕ್ಷ ಎಮೋಮಲಿ ರಹ್ಮಾನ್ ಮತ್ತು ವಿರೋಧಿ ಬಣದ ಸಯೀದ್ ಅಬ್ದುಲ್ಲೊ ನೂರಿ ಒಪ್ಪಂದಕ್ಕೆ ಸಹಿ ಹಾಕಿದರು. ಸರ್ಕಾರಿ ಹುದ್ದೆಗಳಲ್ಲಿ ಶೇ 30 ವಿರೋಧಿಗಳಿಗೆ ಅಂತ ಆಯಿತು. ಆ ದೇಶದಲ್ಲಿ ಹುದ್ದೆ ಅಂದರೆ ಅದರ ಹಿಂದೆ ಕಾರ್ಖಾನೆ, ಮಾರುಕಟ್ಟೆ, ಗಡಿಯ ಸುಂಕದ ಕಟ್ಟೆ ಎಲ್ಲವೂ ಬರುತ್ತಿತ್ತು. ಕೊಲ್ಲುವುದನ್ನು ನಿಲ್ಲಿಸಲು ಕೊಟ್ಟ ಬೆಲೆ ಅದು. ನಾನದನ್ನು ದೂರುವುದಿಲ್ಲ. ದೂರಬೇಕಾದದ್ದು ಆಮೇಲಿನದನ್ನು. ಪಾಲು ಪಡೆದವರನ್ನು ಒಬ್ಬೊಬ್ಬರನ್ನಾಗಿ ಹೊರಗೆ ಹಾಕಲಾಯಿತು. ಒಪ್ಪಂದದಲ್ಲಿ ಪಾಲುದಾರನಾಗಿದ್ದ ಇಸ್ಲಾಮಿಕ್ ಪುನರುತ್ಥಾನ ಪಕ್ಷವನ್ನೇ 2015ರಲ್ಲಿ ನಿಷೇಧಿಸಿ, ಭಯೋತ್ಪಾದಕ ಪಟ್ಟಿಗೆ ಸೇರಿಸಿದರು. ಆಸ್ತಿಯೆಲ್ಲ ಅಧಿಕಾರಕ್ಕೆ ಹತ್ತಿರದವರ ಕೈಲಿ ಉಳಿಯಿತು.

ಹಾಗಾದರೆ ಬಡತನ ಇಳಿದದ್ದು ಹೇಗೆ?

ಒಂದು ಒಳ್ಳೆಯ ಕೆಲಸ ಸರ್ಕಾರದ್ದೇ. ಅದನ್ನು ಹೇಳಲೇಬೇಕು. ಯುದ್ಧ ಇನ್ನೂ ಮುಗಿಯದಿದ್ದ 1995ರಲ್ಲಿ ಒಮ್ಮೆ, 1997ರಲ್ಲಿ ಇನ್ನೊಮ್ಮೆ, ಒಟ್ಟು 75 ಸಾವಿರ ಹೆಕ್ಟೇರ್ ಜಮೀನನ್ನು ಸಣ್ಣ ತುಂಡುಗಳಾಗಿ ಮನೆಮನೆಗೆ ಹಂಚಿದರು. ಶೇ 93 ಬೆಟ್ಟವೇ ಇರುವ ದೇಶದಲ್ಲಿ ಅದು ಸಣ್ಣದಲ್ಲ. ಏನು ಬೆಳೆಯಬೇಕು ಅಂತ ಯಾರೂ ಹೇಳಲಿಲ್ಲ. ಜನ ಗೋಧಿ ಹಾಕಿದರು, ಆಲೂಗಡ್ಡೆ ಹಾಕಿದರು, ಈರುಳ್ಳಿ ಹಾಕಿದರು. ಹೊಟ್ಟೆಗೆ ಹಿಟ್ಟು ಸಿಕ್ಕಿತು. ಅಷ್ಟೇ ಸರಳ.

ಅದೇ ಸರ್ಕಾರ ದೊಡ್ಡ ಹೊಲಗಳಲ್ಲಿ ಏನು ಮಾಡಿತು ನೋಡಿ. ಹೆಸರಿಗೆ ರೈತರ ತೋಟ, ಆದರೆ ಹತ್ತಿಯನ್ನೇ ಹಾಕಬೇಕು ಅಂತ ಜಿಲ್ಲೆಯ ಅಧಿಕಾರಿಯ ಒತ್ತಡ. ಬೀಜ, ಗೊಬ್ಬರ, ಡೀಸೆಲ್ ಎಲ್ಲವನ್ನೂ ಹತ್ತಿ ಕಂಪನಿಯೇ ಸಾಲವಾಗಿ ದುಬಾರಿ ದರಕ್ಕೆ ಕೊಡುತ್ತಿತ್ತು. ಬೆಳೆ ಬಂದಾಗ ಅಗ್ಗಕ್ಕೆ ಅದೇ ಎತ್ತಿಕೊಳ್ಳುತ್ತಿತ್ತು. ರೈತರ ಸಾಲ ಬೆಳೆದು 40 ಕೋಟಿ ಡಾಲರ್ ದಾಟಿತು. ಹತ್ತಿ ಬಿಡಿಸಿದ್ದು ಹೆಂಗಸರು, ಶಾಲೆ ಕಾಲೇಜಿನ ಮಕ್ಕಳು. ಎಷ್ಟೋ ಹೆಂಗಸರಿಗೆ ಕೈಗೆ ಸಿಗುವ ಕಾಸಿಗಿಂತ, ಕೊಯ್ಲಾದ ಮೇಲೆ ಹೊಲದಲ್ಲಿ ಉಳಿಯುವ ಹತ್ತಿ ಗಿಡದ ಒಣ ಕಡ್ಡಿಯೇ ಮುಖ್ಯ. ಕರೆಂಟಿಲ್ಲದ ಚಳಿಗಾಲದಲ್ಲಿ ಒಲೆ ಉರಿಯಬೇಕಲ್ಲ, ಅದಕ್ಕೆ. ದಿನವಿಡೀ ಬಗ್ಗಿ ದುಡಿದವಳ ಕೂಲಿ ಒಂದು ಹೊರೆ ಸೌದೆ ಅಂದರೆ ಹೊಟ್ಟೆ ಉರಿಯುತ್ತದೆ. ಇನ್ನೊಂದು ಕಡೆ, ಈ ಹತ್ತಿ ವ್ಯವಹಾರಕ್ಕೆ ಕೇಂದ್ರ ಬ್ಯಾಂಕ್ ನಿಂತ ಜಾಮೀನನ್ನು ಮುಚ್ಚಿಟ್ಟಿದ್ದು 2008ರಲ್ಲಿ ಬಯಲಾಯಿತು. ಅಂತರರಾಷ್ಟ್ರೀಯ ಹಣಕಾಸು ನಿಧಿ (ಐಎಂಎಫ್) ತಾನು ಕೊಟ್ಟಿದ್ದ ಸಾಲದಲ್ಲಿ ಸುಮಾರು 4.7 ಕೋಟಿ ಡಾಲರ್ ವಾಪಸ್ ಕೇಳಿತು. ಆಮೇಲೆಯೇ ರೈತರ ಸಾಲ ಮನ್ನಾ ಆದದ್ದು, ಬೇಕಾದ ಬೆಳೆ ಬೆಳೆಯಿರಿ ಅನ್ನುವ ಆದೇಶ ಬಂದದ್ದು.

ಉಳಿದದ್ದೆಲ್ಲ ವಲಸೆ ಹೋದವರ ದುಡ್ಡು. ಲಕ್ಷಗಟ್ಟಲೆ ಗಂಡಸರು ರಷ್ಯಾಕ್ಕೆ ಹೋದರು. ಕಟ್ಟಡ ಕಟ್ಟಿದರು, ಹಿಮ ಗುಡಿಸಿದರು, ಟ್ಯಾಕ್ಸಿ ಓಡಿಸಿದರು. ಕೆಲವು ವರ್ಷ ಅವರು ಮನೆಗೆ ಕಳಿಸಿದ ಹಣ ದೇಶದ ಜಿಡಿಪಿಯ ಅರ್ಧದಷ್ಟಾಗಿದೆ. ಜಗತ್ತಿನಲ್ಲಿ ಬೇರೆ ಯಾವ ದೇಶವೂ ಹೊರಗಿನ ದುಡಿಮೆಯನ್ನು ಇಷ್ಟು ನಂಬಿಕೊಂಡಿಲ್ಲ ಅನ್ನುವ ಮಟ್ಟ ಅದು. ಯುದ್ಧ ಮತ್ತೆ ಹೊತ್ತಿಕೊಳ್ಳದೆ ಇದ್ದದ್ದಕ್ಕೂ ಇದು ಒಂದು ಕಾರಣ ಅಂತ ನಾನು ಬಲವಾಗಿ ನಂಬುತ್ತೇನೆ. ಕೆಲಸವಿಲ್ಲದೆ ಸಿಟ್ಟಾಗಬೇಕಿದ್ದ ಹುಡುಗರು ದೇಶದಲ್ಲೇ ಇರಲಿಲ್ಲ.

ಅದಕ್ಕೆ ಹಳ್ಳಿಗಳು ಏನು ತೆತ್ತವು ಅನ್ನುವುದು ಯಾವ ಕೋಷ್ಟಕದಲ್ಲೂ ಇಲ್ಲ. ಹೋದ ಗಂಡ ಅಲ್ಲೇ ಇನ್ನೊಂದು ಸಂಸಾರ ಹೂಡುತ್ತಾನೆ. ಮೊಬೈಲಿಗೆ ತಲಾಖ್ ಅಂತ ಸಂದೇಶ ಕಳಿಸಿ ಕೈತೊಳೆದುಕೊಳ್ಳುತ್ತಾನೆ. ಇದು ಎಷ್ಟು ಹೆಚ್ಚಾಯಿತೆಂದರೆ ಅಲ್ಲಿನ ಉಲೇಮಾಗಳೇ ಎಸ್ಸೆಮ್ಮೆಸ್ ತಲಾಖ್ ನಡೆಯುವುದಿಲ್ಲ ಅಂತ ಫತ್ವಾ ಹೊರಡಿಸಬೇಕಾಯಿತು. 2014ರಲ್ಲಿ ರೂಬಲ್ ಬಿದ್ದಾಗ ಬರುವ ಹಣ ಕುಸಿಯಿತು, ಹಿಂದೆಯೇ ದೊಡ್ಡ ಬ್ಯಾಂಕುಗಳು ಕಾಲು ಕುಸಿದವು. 2024ರ ಮಾರ್ಚ್‌ನಲ್ಲಿ ಮಾಸ್ಕೋ ಹತ್ತಿರದ ಕ್ರೋಕಸ್ ಸಿಟಿ ಹಾಲ್ ದಾಳಿಯಲ್ಲಿ ನೂರನಲವತ್ತಕ್ಕೂ ಹೆಚ್ಚು ಜನ ಸತ್ತರು. ಗುಂಡು ಹಾರಿಸಿದ ಆರೋಪ ಹೊತ್ತ ನಾಲ್ವರೂ ತಜಿಕ್‌ನವರು. ಆಮೇಲೆ ಏನೂ ತಪ್ಪು ಮಾಡದ ಸಾವಿರಾರು ಕೂಲಿಗಳು ವಿಮಾನ ನಿಲ್ದಾಣದಿಂದಲೇ ವಾಪಸ್ಸಾದರು.

ಇಷ್ಟೆಲ್ಲ ಜನರ ಬೆನ್ನ ಮೇಲೆ ನಿಂತ ದೇಶದಲ್ಲಿ ದೊಡ್ಡ ಆದಾಯ ಎಲ್ಲಿ ಹೋಗುತ್ತದೆ? ತುರ್ಸುನ್‌ಜೋದಾದ ಟಾಲ್ಕೊ ಅಲ್ಯೂಮಿನಿಯಂ ಕಾರ್ಖಾನೆಯನ್ನೇ ತೆಗೆದುಕೊಳ್ಳಿ. ಕಚ್ಚಾ ಮಾಲು ಹೊರಗಿನಿಂದ ಬರಬೇಕು. ದೇಶದ್ದು ಅಂದರೆ ಅಗ್ಗದ ಕರೆಂಟು ಮಾತ್ರ. ದೇಶದ ವಿದ್ಯುತ್ತಿನಲ್ಲಿ ಹತ್ತಿರ ಹತ್ತಿರ ಶೇ 40ನ್ನು ಅದೊಂದೇ ನುಂಗುತ್ತಿದ್ದ ಕಾಲವಿತ್ತು. ವ್ಯಾಪಾರದ ಲಾಭವೋ, ಬ್ರಿಟಿಷ್ ವರ್ಜಿನ್ ದ್ವೀಪದಲ್ಲಿ ನೋಂದಾಯಿಸಿದ ಕಂಪನಿಯ ಮೂಲಕ ಹಾದುಹೋಗುತ್ತಿತ್ತು. 2008ರ ಚಳಿಗಾಲದಲ್ಲಿ ಹಳ್ಳಿಗಳಿಗೆ ದಿನಕ್ಕೆ ಕೆಲವೇ ಗಂಟೆ ಕರೆಂಟು. ಇದನ್ನು ಸುಧಾರಣೆ ಅಂತ ಕರೆಯಲು ನನಗೆ ಬಾಯಿ ಬರುವುದಿಲ್ಲ.

ಈಗ ಎಲ್ಲ ಆಸೆಯೂ ರೋಗುನ್ ಅಣೆಕಟ್ಟಿನ ಮೇಲೆ. 335 ಮೀಟರ್ ಎತ್ತರ, ಮುಗಿದರೆ ಜಗತ್ತಿನಲ್ಲೇ ಅತಿ ಎತ್ತರದವುಗಳ ಸಾಲಿಗೆ ಸೇರುತ್ತದೆ. 2010ರಲ್ಲಿ ಇದರ ಷೇರುಗಳನ್ನು ಶಿಕ್ಷಕರು, ವಿದ್ಯಾರ್ಥಿಗಳ ಮೇಲೂ ಒತ್ತಡ ಹಾಕಿ ಮಾರಿದರು. 2017ರಲ್ಲಿ ಶೇ 7ಕ್ಕೂ ಜಾಸ್ತಿ ಬಡ್ಡಿಗೆ 50 ಕೋಟಿ ಡಾಲರ್ ಬಾಂಡ್ ಎತ್ತಿದರು. ಕರೆಂಟು ಬೇಕು, ಖಂಡಿತ ಬೇಕು. ಅಣೆಕಟ್ಟು ಬೇಡ ಅನ್ನುವವನು ನಾನಲ್ಲ. ಆದರೆ 40 ಸಾವಿರಕ್ಕೂ ಹೆಚ್ಚು ಜನ ಊರು ಬಿಡಬೇಕು. ಅವರಲ್ಲಿ ಬಹಳ ಜನ ನೂರೊಬೋದ್ ಕಡೆಯವರು, ಅಂದರೆ ಗರ್ಮ್‌ಗೆ ಹೋಗುವ ಅದೇ ಕಣಿವೆಯವರು. ಬೆಟ್ಟದಿಂದ ಎಬ್ಬಿಸಿ ಬಯಲಿಗೆ ಕಳಿಸುವ ಕೆಲಸ ಮತ್ತೆ ನಡೆಯುತ್ತಿದೆ. ಈ ಸಲವಾದರೂ ಅವರಿಗೆ ಮನೆಗೆ ಜಾಗ ಕೊಟ್ಟು ಕೈಬಿಡಬಾರದು. ಉಳುವ ಭೂಮಿ, ಅದಕ್ಕೆ ನೀರು, ಯಾರೂ ಕಿತ್ತುಕೊಳ್ಳಲಾಗದ ಹಕ್ಕುಪತ್ರ ಕೊಡಬೇಕು. ರೋಗುನ್‌ಗೆ ದುಡ್ಡು ಕೊಡುತ್ತಿರುವ ವಿಶ್ವಬ್ಯಾಂಕ್ ಮುಂದಿನ ಕಂತು ಬಿಡುವ ಮುನ್ನ ಆ ಹಕ್ಕುಪತ್ರಗಳನ್ನು ಎಣಿಸಿ ನೋಡಲಿ.